ನೀರು ಹಾಕಿದ್ರೂ ಗಿಡ ಯಾಕೆ ಬಾಡುತ್ತೆ?

ಪ್ರಶ್ನೆ: ಸಾರ್, ಕುಂಡದ ಗುಲಾಬಿ ಸೊರಗಿದೆ ಅಂತ 19:19:19 ಗೊಬ್ಬರ ಒಂದು ಹಿಡಿ ಹಾಕಿ ನೀರೂ ಹಾಕ್ದೆ. ಎರಡೇ ದಿನಕ್ಕೆ ಎಲೆ ಜೋತುಬಿದ್ದು ಅಂಚೆಲ್ಲ ಸುಟ್ಟಂಗೆ ಆಗಿದೆ, ಮಣ್ಣು ಮುಟ್ಟಿದ್ರೆ ಇನ್ನೂ ಒದ್ದೆ. ಪಕ್ಕದ್ಮನೆಯವ್ರು ಗೊಬ್ಬರದ ಹೀಟು ಅಂತಾರೆ, ನಿಜಾನಾ?
– ಓದುಗರೊಬ್ಬರು, ಹಾಸನ

ಉತ್ತರ: ಹೀಟಲ್ಲ ಮೇಡಂ. ಹಸಿ ಸಗಣಿ ರಾಶಿ ಕೊಳೆಯುವಾಗ ನಿಜವಾಗ್ಲೂ ಬಿಸಿಯಾಗುತ್ತೆ, ಆ ಮಾತನ್ನೇ ಎಲ್ಲಾ ಗೊಬ್ಬರಕ್ಕೂ ಅಂಟಿಸಿಬಿಟ್ಟಿದಾರೆ. ನಿಮ್ಮ ಕುಂಡದಲ್ಲಿ ನೀರಿದೆ, ಬೇರಿಗೆ ಅದನ್ನ ಎಳ್ಕೊಳ್ಳೋಕೆ ಆಗ್ತಿಲ್ಲ ಅಷ್ಟೇ. ಬೇರಿನ ಜೀವಕೋಶದ ಒಳಗಿನ ರಸದಲ್ಲಿ ಲವಣ, ಸಕ್ಕರೆ ಎಲ್ಲಾ ಕರಗಿರುತ್ತೆ, ಸಾಮಾನ್ಯವಾಗಿ ಮಣ್ಣಿನ ನೀರಿಗಿಂತ ಅದೇ ಗಟ್ಟಿ, ಹಾಗಾಗಿ ನೀರು ಕೋಶದ ಪೊರೆ ದಾಟಿ ತಾನಾಗೇ ಒಳಗೆ ಹೋಗುತ್ತೆ. ಸ್ಕೂಲಲ್ಲಿ ಅಭಿಸರಣೆ ಅಂತ ಬಾಯಿಪಾಠ ಮಾಡಿದ್ವಲ್ಲ, ಆ ಆಸ್ಮೋಸಿಸ್ ಇದೇ. ಒಂದು ಹಿಡಿ ಗೊಬ್ಬರ ಬಿದ್ದ ಮೇಲೆ ಲೆಕ್ಕ ಉಲ್ಟಾ ಆಯ್ತು, ಹೊರಗಿನ ನೀರೇ ಗಟ್ಟಿ, ಅಂದ್ರೆ ಹೈಪರ್‌ಟಾನಿಕ್. ಬೇರಿನಲ್ಲಿದ್ದ ನೀರೂ ಆಚೆ ಬರೋಕೆ ಶುರುವಾಗುತ್ತೆ.

ಎಲೆ ಜೋತುಬೀಳೋದು ಯಾಕೆ ಅಂದ್ರೆ, ಬೆಳೆದ ಕೋಶದಲ್ಲಿ ಬಹುಪಾಲು ಜಾಗ ರಸದಾನಿ ಅನ್ನೋ ನೀರಿನ ಚೀಲದ್ದೇ. ಅದು ತುಂಬಿ ಉಬ್ಬಿ ಕೋಶಭಿತ್ತಿಯನ್ನ ಒಳಗಿಂದ ಒತ್ತುತ್ತೆ, ಸೈಕಲ್ ಟ್ಯೂಬು ಟೈರನ್ನ ಒತ್ತೋ ಹಾಗೆ. ಈ ಒತ್ತಡ ಎಷ್ಟೋ ಗಿಡಗಳಲ್ಲಿ 5 ವಾಯುಭಾರಕ್ಕೂ ಜಾಸ್ತಿ, ಕಾರಿನ ಟೈರಲ್ಲಿ ಇರೋದೇ ಸುಮಾರು 2! ಎಳೇ ಎಲೆ ನೆಟ್ಟಗೆ ನಿಂತಿರೋದು ಇದರ ಮೇಲೇನೇ. ನಮ್ಮ ಕೆಂಪು ರಕ್ತಕಣಕ್ಕೆ ಭಿತ್ತಿ ಇಲ್ಲ, ಬರೀ ನೀರಲ್ಲಿ ಹಾಕಿದ್ರೆ ಒಡೆದೇ ಹೋಗುತ್ತೆ, ಅದಕ್ಕೇ ಡ್ರಿಪ್ ಹಾಕುವಾಗ ಶೇ. 0.9 ಉಪ್ಪಿರೋ ಸಲೈನ್ ಕೊಡೋದು. ಗಿಡಕ್ಕೆ ಮಾತ್ರ ಬರೀ ನೀರೇ ಹಬ್ಬ.

ಪಿಯುಸಿಯಲ್ಲಿ ಬಯಾಲಜಿ ಓದಿದವರು ಇದನ್ನ ಕಣ್ಣಾರೆ ನೋಡಿರ್ತಾರೆ. ರಿಯೋ ಗಿಡದ ಎಲೆಯ ಕೆಳಗಿನ ನೇರಳೆ ಸಿಪ್ಪೆ ಸುಲಿದು ಮೈಕ್ರೋಸ್ಕೋಪಿನ ಕೆಳಗಿಟ್ಟು ಉಪ್ಪುನೀರು ಬಿಟ್ರೆ ಸ್ವಲ್ಪ ಹೊತ್ತಲ್ಲೇ ನೇರಳೆ ಬಣ್ಣ ಗೋಡೆಯಿಂದ ಬಿಟ್ಕೊಂಡು ಮುದುಡಿ ಕೋಶದ ನಡುವಿಗೆ ಬರುತ್ತೆ, ಗೋಡೆ ಮಾತ್ರ ಇದ್ದ ಹಾಗೇ ಇರುತ್ತೆ. ಪ್ಲಾಸ್ಮೊಲಿಸಿಸ್ ಅಂದ್ರೆ ಇದು. ಬೇಗ ಬರೀ ನೀರು ಬಿಟ್ರೆ ಮತ್ತೆ ತುಂಬ್ಕೊಳ್ಳುತ್ತೆ, ತಡವಾದ್ರೆ ಕೋಶ ಸತ್ತಿರುತ್ತೆ.

ಹಾಗಾಗಿ ಈಗ್ಲೇ ಮೇಲೆ ಕಾಣೋ ಗೊಬ್ಬರ ತೆಗೆದು, ಕುಂಡದ ತಳದ ತೂತಿಂದ ಧಾರಾಳವಾಗಿ ಹರಿಯೋವಷ್ಟು ಬರೀ ನೀರು ಮೂರ್ನಾಲ್ಕು ಸಲ ಹಾಕಿ, ನೆರಳಲ್ಲಿಡಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ, ಇಲ್ಲಾಂದ್ರೆ ಅದೇ ಗೊಬ್ಬರ ವಾಪಸ್ ಮೇಲೇರುತ್ತೆ. ಸುಟ್ಟ ಅಂಚು ಹಸಿರಾಗಲ್ಲ, ಹೊಸ ಚಿಗುರು ಬರುತ್ತಾ ನೋಡಿ. ಮುಂದೆ ಲೀಟರ್ ನೀರಿಗೆ ಒಂದೆರಡು ಗ್ರಾಂ ಕರಗಿಸಿ ಹಾಕಿದ್ರೆ ಸಾಕು, ಹಿಡಿ ಲೆಕ್ಕ ಬೇಡ.

ಪ್ರಶ್ನೆ: ಕೋಸಂಬರಿಗೆ ಉಪ್ಪು ಹಾಕಿದ್ರೆ ಸೌತೆಕಾಯಿ ನೀರು ಬಿಡೋದೂ ಇದೇನಾ? ಹೆಸರುಬೇಳೆ ಉಬ್ಬೋದು?
– ಓದುಗರು, ತಿಪಟೂರು

ಉತ್ತರ: ಸೌತೆಕಾಯಿದು ಇದೇ. ಹೆಚ್ಚಿದಾಗ ಅಂಚಿನ ಕೋಶ ಒಡೆದು ಸ್ವಲ್ಪ ರಸ ಹೇಗೂ ಬರುತ್ತೆ, ಉಪ್ಪು ಬಿದ್ಮೇಲೆ ಒಡೆಯದ ಕೋಶದ ನೀರೂ ಈಚೆಗೆ ಬರುತ್ತೆ. ಅದಕ್ಕೇ ಉಪ್ಪು ಬಡಿಸೋ ಮುಂಚೆ ಹಾಕಿ. ಬೇಳೆ ಕಥೆ ಬೇರೆ, ಒಣಗಿದ ಪಿಷ್ಟ, ಪ್ರೋಟೀನು ನೀರು ಹೀರಿ ಉಬ್ಬೋದು ಅದು, ಆಸ್ಮೋಸಿಸ್ ಅಲ್ಲ.

ಪ್ರಶ್ನೆ: ಹಾಗಾದ್ರೆ ಕುಮಟಾ ಕಡೆ ಅಳಿವೆಯ ಉಪ್ಪುನೀರು ನುಗ್ಗೋ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಹೇಗೆ ಬದುಕುತ್ತೆ?
– ಓದುಗರು, ಶಿರಸಿ

ಉತ್ತರ: ಅರ್ಧ ಕೆಲಸ ಮಳೆದು. ಕಗ್ಗ ಬೆಳೆಯೋದು ಮಳೆಗಾಲದಲ್ಲಿ, ಆಗ ಅಘನಾಶಿನಿ ಅಳಿವೆಯ ಉಪ್ಪು ತೆಳುವಾಗಿರುತ್ತೆ. ಇನ್ನರ್ಧ ಗಿಡದ್ದು. ಉಪ್ಪು ತಡ್ಕೊಳ್ಳೋ ಭತ್ತದ ತಳಿಗಳು ಸೋಡಿಯಂ ಆದಷ್ಟು ಒಳಗೆ ಬರದಂತೆ ನೋಡ್ಕೊಳ್ತವೆ, ಬಂದಿದ್ದನ್ನ ರಸದಾನಿಗೆ ತಳ್ತವೆ, ಜೊತೆಗೆ ಪ್ರೋಲಿನ್ ಥರದ ವಸ್ತು ಕೂಡಿಸಿಟ್ಟು ಒಳಗಿನ ರಸವನ್ನ ಹೊರಗಿನ ನೀರಿಗಿಂತ ಗಟ್ಟಿ ಮಾಡ್ಕೊಳ್ತವೆ, ಹೀಗಾಗಿ ನೀರು ಒಳಗೇ ಬರುತ್ತೆ. ಆದ್ರೆ ನೇರ ಸಮುದ್ರದ ನೀರಲ್ಲಿ, ಅಂದ್ರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರೋ ಕಡೆ, ಕಗ್ಗವೂ ಬೆಳೆಯಲ್ಲ, ಅದು ಕಾಂಡ್ಲಾ, ಅಂದ್ರೆ ಮ್ಯಾಂಗ್ರೋವ್ ಗಿಡಗಳ ಜಾಗ.