ಅಕ್ಷರ ಕೆಟ್ಟಿದೆಯೇ? ಮೊದಲು ಆ ಕಸವನ್ನೇ ನೋಡಿ

ಪ್ರಶ್ನೆ: ಸಂಘದ ಸದಸ್ಯರ ಹೆಸರುಗಳಿದ್ದ ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದೆ. ಕನ್ನಡದ ಜಾಗದಲ್ಲಿ ತಲೆ ಮೇಲೆ ಗೀಟಿರುವ ಇಂಗ್ಲಿಷ್ ‘ಎ’, ಮೇಲಕ್ಕೇರಿದ ಪುಟ್ಟ 2, ದಪ್ಪ ಚುಕ್ಕೆ ಇಂಥವೇ ತುಂಬಿವೆ. ಎಲ್ಲ ಮತ್ತೆ ಟೈಪ್ ಮಾಡಬೇಕಾ?

ಉತ್ತರ: ಬೇಡ. ಆದರೆ ಸೇವ್ ಒತ್ತಬೇಡಿ. ಫೈಲನ್ನು ಹಾಗೇ ಮುಚ್ಚಿ, ಆಮೇಲೆ ಮುಂದೆ ಓದಿ.

ಕಂಪ್ಯೂಟರಿಗೆ ‘ಕ’ ಗೊತ್ತಿಲ್ಲ, ಅಂಕಿ ಮಾತ್ರ ಗೊತ್ತು. ಯೂನಿಕೋಡ್ ಪಟ್ಟಿಯಲ್ಲಿ ‘ಕ’ ಅಕ್ಷರದ ನಂಬರು 3221. ಆದರೆ ಕಂಪ್ಯೂಟರ್ ಅಂಕಿ ಇಡುವ ಪುಟ್ಟ ಗೂಡಾದ ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಅಂಕಿ ಹಿಡಿಸುವುದಿಲ್ಲ. ಅದಕ್ಕೇ ಯೂನಿಕೋಡ್ ನಂಬರುಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಅನ್ನುವ ಪದ್ಧತಿ ಅದನ್ನು ಒಡೆದು ಇಡುತ್ತದೆ. ಪೆನ್ನು ಹಿಡಿದು ನೀವೇ ಮಾಡಿ ನೋಡಿ. 3221ನ್ನು 64ರಿಂದ ಭಾಗಿಸಿದರೆ 50 ಬರುತ್ತದೆ, 21 ಉಳಿಯುತ್ತದೆ. ಎರಡಕ್ಕೂ 128 ಕೂಡಿಸಿ: 178, 149. ಮುಂದೆ ಒಂದು 224 ಇಡಿ. ‘ಇದು ಮೂರು ಬೈಟಿನ ಅಕ್ಷರ’ ಅನ್ನುವ ಗುರುತು ಅದು. ಮುಗೀತು, 224, 178, 149 ಅಂದರೆ ‘ಕ’. 1992ರಲ್ಲಿ ಕಂಪ್ಯೂಟರ್ ತಜ್ಞ ಕೆನ್ ಥಾಂಪ್ಸನ್ ಈ ಏರ್ಪಾಡನ್ನು ಸಹೋದ್ಯೋಗಿ ರಾಬ್ ಪೈಕ್ ಎದುರು ಊಟದ ಮೇಜಿನ ಹಾಸುಕಾಗದದ ಮೇಲೆ ಗೀಚಿದ್ದರಂತೆ. ಅಲ್ಲೇ ಕೂತು ಇಷ್ಟು ಚೊಕ್ಕಟವಾಗಿ ಯೋಚಿಸಿದರಲ್ಲ ಅಂತ ನನಗೆ ಈಗಲೂ ಹೊಟ್ಟೆಕಿಚ್ಚು.

ಈಗ ನಿಮ್ಮ ಎಕ್ಸೆಲ್ ವಿಷಯ. ಅದು ಹಳೆಯ ವಿಂಡೋಸ್ ಪಟ್ಟಿ ಹಿಡಿದು ಒಂದೊಂದು ಬೈಟನ್ನೂ ಒಂದೊಂದು ಅಕ್ಷರ ಅಂತ ಓದಿದೆ. ಆ ಪಟ್ಟಿಯಲ್ಲಿ 224 ಅಂದರೆ ಗೀಟಿನ ಎ, 178 ಅಂದರೆ ಪುಟ್ಟ 2, 149 ಅಂದರೆ ದಪ್ಪ ಚುಕ್ಕೆ. ನೀವು ಕಂಡದ್ದು ಅದೇ ಅಲ್ವಾ? ಇಂಥ ಫೈಲುಗಳು ನನ್ನ ಮೇಜಿಗೆ ಎಷ್ಟು ಬರುತ್ತವೆ ಅಂದರೆ, ಕಸ ನೋಡಿಯೇ ಭಾಷೆ ಹೇಳುತ್ತೇನೆ. 224ರ ನಂತರ 178 ಅಥವಾ 179 ಬಂದರೆ ಕನ್ನಡ, 164 ಅಥವಾ 165 ಬಂದರೆ ದೇವನಾಗರಿ.

ಪರಿಹಾರ ಸುಲಭ. ಎಕ್ಸೆಲ್‌ನ ಡೇಟಾ ಮೆನುವಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಆರಿಸಿ, ‘ಫೈಲ್ ಒರಿಜಿನ್’ ಅನ್ನುವಲ್ಲಿ 65001 ಇಡಿ. ಅದೇ ಯುಟಿಎಫ್-8.

ಆ ಕಸವನ್ನು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾತ್ರ ಮಾಡಬೇಡಿ. ಒತ್ತಕ್ಷರ ಕೂಡಿಸುವ ನಮ್ಮ ಹಲಂತ ಇದೆಯಲ್ಲ, ಅದು 224, 179, 141. ಆ ಹಳೆಯ ಪಟ್ಟಿಯಲ್ಲಿ 141ಕ್ಕೆ ಅಕ್ಷರವೇ ಇಲ್ಲ. ಕಣ್ಣಿಗೆ ಕಾಣದ ಆ ಬೈಟು ದಾರಿಯಲ್ಲಿ ಬಿದ್ದುಹೋಗುವುದುಂಟು. ಆಮೇಲೆ ಉಳಿದದ್ದೆಲ್ಲ ಸರಿಯಾದರೂ ಒತ್ತುಗಳು ಕೂಡುವುದಿಲ್ಲ.

ಪ್ರಶ್ನೆ: ನನ್ನದರಲ್ಲಿ ಬರೀ ಪ್ರಶ್ನೆಚಿಹ್ನೆಗಳಿವೆ. ಇನ್ನೊಂದು ಫೈಲಿನಲ್ಲಿ ಖಾಲಿ ಚೌಕಗಳು.

ಉತ್ತರ: ಚೌಕಗಳಿಗೆ ಚಿಂತೆ ಬೇಡ. ಸಾಮಾನ್ಯವಾಗಿ ಅದು ಫಾಂಟ್ ಇಲ್ಲದ ತೊಂದರೆ, ಒಳಗಿನ ಬೈಟುಗಳು ಸರಿಯಾಗಿಯೇ ಇರುತ್ತವೆ. ಪ್ರಶ್ನೆಚಿಹ್ನೆಗಳದ್ದು ಬೇಸರದ ಸುದ್ದಿ. ಕನ್ನಡವೇ ಇಲ್ಲದ ಪಟ್ಟಿಯಲ್ಲಿ ಯಾವುದೋ ತಂತ್ರಾಂಶ ಸೇವ್ ಮಾಡಿದೆ, ಗೊತ್ತಿಲ್ಲದ ಪ್ರತಿ ಅಕ್ಷರಕ್ಕೂ 63 ಬರೆದಿದೆ. ‘ಕ’ಗೂ 63, ‘ಮ’ಗೂ 63. ಅದರಿಂದ ಏನನ್ನೂ ವಾಪಸ್ ತೆಗೆಯಲಾಗದು. ಮೂಲ ಫೈಲು ಯಾರ ಹತ್ತಿರ ಇದೆ ಅಂತ ಹುಡುಕಿ.

ಪ್ರಶ್ನೆ: ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ, ಕನ್ನಡದಲ್ಲಿ 70 ಮಾತ್ರ. ಇದು ಅನ್ಯಾಯ ಅಲ್ವಾ?

ಉತ್ತರ: ಜಾಗ ಇಬ್ಬರಿಗೂ ಒಂದೇ, 140 ಬೈಟು. ಒಂದು ಬೈಟ್ ಅಂದರೆ 8 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಸುತ್ತವೆ. ಕನ್ನಡ ಬಂದರೆ ಇಡೀ ಸಂದೇಶ ಅಕ್ಷರಕ್ಕೆ ಎರಡು ಬೈಟಿನ ಲೆಕ್ಕಕ್ಕೆ ಹೋಗುತ್ತದೆ. ‘ಕನ್ನಡ’ ನಿಮ್ಮ ಕಣ್ಣಿಗೆ ಮೂರು ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಐದು: ಕ, ನ, ಹಲಂತ, ನ, ಡ. ಇನ್ನೊಂದು ತಮಾಷೆ ಕೇಳಿ. ಪೂರ್ತಿ ಇಂಗ್ಲಿಷ್‌ನಲ್ಲೇ ಬರೆದು ಒಂದೇ ಒಂದು ಬಾಗಿದ ಉದ್ಧರಣ ಚಿಹ್ನೆ ಹಾಕಿದರೂ ಮಿತಿ 70ಕ್ಕೆ ಇಳಿಯುತ್ತದೆ.