19ನೇ ಗೇಟು ಮತ್ತು ದೇವಿಯ ಕೃಪೆ: ಗಂಗಾವತಿಯ ಓದುಗರಿಗೆ ಉತ್ತರ

ಮಾನ್ಯರೆ,

ದೇವರ ಇರುವಿಕೆಯನ್ನು ಪ್ರಶ್ನಿಸಿ ಕಳೆದ ಸಂಚಿಕೆಯಲ್ಲಿ ನಾನು ಬರೆದ ಲೇಖನಕ್ಕೆ ತಾವು ಮೂರು ಆಕ್ಷೇಪಗಳನ್ನು ಎತ್ತಿದ್ದೀರಿ: ದೇವರಿಲ್ಲವೆಂದು ನಾಸ್ತಿಕರು ಸಾಬೀತು ಮಾಡಲಾರರು, 2024ರಲ್ಲಿ ತುಂಗಭದ್ರಾ ಜಲಾಶಯದ ಗೇಟು ಕೊಚ್ಚಿಹೋದಾಗ ಊರುಗಳು ಉಳಿದದ್ದು ಹುಲಿಗಿಯ ದೇವಿ ಹುಲಿಗೆಮ್ಮನ ಕೃಪೆಯಿಂದ, ಇಂಥ ಚರ್ಚೆ ಭಕ್ತರನ್ನು ನೋಯಿಸುತ್ತದೆ.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಹೊಲ ತನ್ನದೆನ್ನುವವನು ಪಹಣಿ ತೋರಿಸಬೇಕೇ ಹೊರತು ಅದು ಅವನದಲ್ಲವೆಂದು ಊರವರು ಸಾಧಿಸಬೇಕೆಂದು ನಾವು ಕೇಳುವುದಿಲ್ಲ. ದೇವರಿಲ್ಲವೆಂದು ಸಾಧಿಸಿದ್ದೇನೆ ಎಂದು ನಾನು ಹೇಳಿಲ್ಲ. ಇದ್ದಾನೆಂದು ಒಪ್ಪಲು ಸಾಕಾಗುವಷ್ಟು ಆಧಾರ ನನಗೆ ಈವರೆಗೆ ಸಿಕ್ಕಿಲ್ಲ ಎಂದಷ್ಟೇ ಹೇಳಿದ್ದೇನೆ.

ಎರಡನೆಯದು ನಮ್ಮ ಬದುಕಿಗೆ ತಾಗಿದ ಮಾತು. ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ (ಅಣೆಕಟ್ಟೆಯ ಮೇಲ್ತುದಿಯಲ್ಲಿ ನೀರು ಬಿಡುವ ಗೇಟಿನ) ಚೈನು ತುಂಡಾಯಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು. ಕಣ್ಣೆದುರೇ ನೀರು ಹರಿದುಹೋಗುವಾಗ ಗಂಗಾವತಿ, ಸಿಂಧನೂರುಗಳ ಭತ್ತದ ರೈತರ ಎದೆ ಒಡೆದಿತ್ತು. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ರಭಸದಿಂದ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು (ಉಕ್ಕಿನ ತಡೆಹಲಗೆಗಳನ್ನು) ಒಂದರ ಮೇಲೊಂದು ಇಳಿಸಿ ಕಾರ್ಮಿಕರು ಒಂದು ವಾರದಲ್ಲಿ ಆ ಕಂಡಿಯನ್ನು ಮುಚ್ಚಿದರು. ನೀರು ನಿಂತದ್ದು ಕೃಪೆಯಾದರೆ ಚೈನು ತುಂಡಾದದ್ದನ್ನು ಏನೆನ್ನೋಣ? ಅದಕ್ಕೆ ಮಾತ್ರ ನಾವಿಬ್ಬರೂ ಸವೆದ ಕಬ್ಬಿಣದಲ್ಲಿ, ನಿರ್ವಹಣೆಯಲ್ಲಿ ಕಾರಣ ಹುಡುಕುತ್ತೇವೆ. ಕೆಟ್ಟದ್ದಕ್ಕೆ ಕಬ್ಬಿಣವನ್ನೂ ಒಳ್ಳೆಯದಕ್ಕೆ ದೇವಿಯನ್ನೂ ಹೊಣೆಯಾಗಿಸಿದರೆ ಗೇಟು ಉಳಿದರೂ ಹೋದರೂ ನಂಬಿಕೆಗೆ ಏನೂ ಆಗುವುದಿಲ್ಲ. ಹಾಗಿರುವಾಗ ಆ ಘಟನೆಯನ್ನು ಸಾಕ್ಷಿಯೆಂದು ಹೇಗೆ ಕರೆಯುವುದು? ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಕೃಪೆಯ ಮಾತು ಮುಂದೆ ಬಂದಾಗ ಆ ನೀರಿನ ಮೇಲೆ ಜೀವ ಪಣಕ್ಕಿಟ್ಟು ನಿಂತವರು ಮರೆಯಾಗುತ್ತಾರೆ, 1953ರಿಂದ ನೀರು ಹಿಡಿದು ನಿಂತಿರುವ ಅಣೆಕಟ್ಟೆಯ ಉಳಿದ 32 ಗೇಟುಗಳ ಚೈನು ಹೇಗಿವೆ ಎಂಬ ಪ್ರಶ್ನೆಯೂ ಮರೆಯಾಗುತ್ತದೆ.

ನೋವಿನ ಮಾತನ್ನು ಒಪ್ಪುತ್ತೇನೆ. ಪರರ ಪಂಥವನ್ನು ವಿನಾಕಾರಣ ಹಳಿಯದೆ ನಾಲಗೆಯನ್ನು ಹಿಡಿತದಲ್ಲಿಡಿ ಎಂದು ಅಶೋಕ ತನ್ನ 12ನೇ ಶಾಸನದಲ್ಲಿ ಹೇಳಿದ. ಅದರ ಪ್ರತಿ ನಮ್ಮ ಸೀಮೆಯ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ಸಿಕ್ಕಿದೆ. ನಂಬಿಕೆಯನ್ನು ಪರೀಕ್ಷಿಸಲು ಹೊರಟ ನನ್ನ ಲೇಖನ ಒಂದೆಡೆ ಭಕ್ತರನ್ನೇ ‘ಮೂಢರು’ ಎಂದು ಕರೆದಿತ್ತು. ಆ ಪದವನ್ನು ಹಿಂತೆಗೆದುಕೊಂಡಿದ್ದೇನೆ, ವಾದವನ್ನಲ್ಲ. ತಮ್ಮ ಮರುತ್ತರವನ್ನು ಒಂದಕ್ಷರವೂ ಕತ್ತರಿಸದೆ ಅಚ್ಚು ಹಾಕುತ್ತೇವೆ.

ಸಂಪಾದಕ, ಕೊಪ್ಪಳ