ಐಸ್‌ಲ್ಯಾಂಡಿನ ಮೀನು ಕೋಟಾ, ಅದರ ಮೇಲಿನ ಶುಲ್ಕ: ಬೆಂಗಳೂರಿನಿಂದ ಹೊರಟವರಿಗೆ

ಮೀನುಗಾರಿಕೆ ಕಂಪನಿಯ ಲೆಕ್ಕಪತ್ರದ ಕೆಲಸಕ್ಕೆ ಬೆಂಗಳೂರಿನಿಂದ ಇಲ್ಲಿಗೆ ಬರುತ್ತಿದ್ದೀರಿ. ಹಿಡಿದ ಮೀನಿನ ಮೇಲೆ ಸರ್ಕಾರ ಹಾಕುವ ಕೋಟಾ ಶುಲ್ಕ ಏರಿದರೆ ಕಂಪನಿ ಮೀನು ಹಿಡಿಯುವುದನ್ನೇ ಕಡಿಮೆ ಮಾಡಿ ಕೆಲಸಕ್ಕೆ ಕುತ್ತು ಬರುತ್ತದೆಯೇ ಎಂಬುದು ನಿಮ್ಮ ಪ್ರಶ್ನೆ. ಬಹುಮಟ್ಟಿಗೆ ಇಲ್ಲ. ಇಳಿಯುವುದು ಕೋಟಾದ ಬೆಲೆ.

ಸೆಪ್ಟೆಂಬರ್ 1ಕ್ಕೆ ಶುರುವಾಗುವ ಮೀನುಗಾರಿಕೆ ವರ್ಷಕ್ಕೆ ಒಂದೊಂದು ಜಾತಿಯ ಮೀನನ್ನು ಒಟ್ಟು ಎಷ್ಟು ಹಿಡಿಯಬಹುದೆಂದು ಸರ್ಕಾರ ನಿಗದಿ ಮಾಡುತ್ತದೆ. ಅದರಲ್ಲಿ ಶೇಕಡಾವಾರು ಪಾಲೇ ಕೋಟಾ. ಮಾರಲೂಬಹುದು, ವರ್ಷದ ಮಟ್ಟಿಗೆ ಬಾಡಿಗೆಗೆ ಕೊಡಲೂಬಹುದು. ಕಿಲೋ ಕಾಡ್ ಮೀನಿಗೆ 400 ಕ್ರೋನಾ (ಇಲ್ಲಿನ ಹಣ) ಸಿಕ್ಕಿ, ಡೀಸೆಲ್, ಸಿಬ್ಬಂದಿ ಪಾಲು, ಹಡಗಿನ ಸವಕಳಿ ಎಲ್ಲ ಸೇರಿ 250 ಖರ್ಚು ಎಂದಿಟ್ಟುಕೊಳ್ಳಿ. ಉಳಿಕೆ 150. ಬಡ್ಡಿ 6% ಆದರೆ, ವರ್ಷವರ್ಷವೂ ಇಷ್ಟು ತರುವ ಹಕ್ಕಿನ ಬೆಲೆ 2,500 (150 ÷ 0.06). ಶುಲ್ಕಕ್ಕೆ 33% ಹೋದರೆ ಉಳಿಯುವುದು ಸುಮಾರು 100, ಹಕ್ಕಿನ ಬೆಲೆ 1,675. ಹಡಗನ್ನು ದಡಕ್ಕೆ ಕಟ್ಟಿದರೆ ಆ ನೂರೂ ಇಲ್ಲ. ಆದ್ದರಿಂದ ಹಿಡಿಯುತ್ತಲೇ ಇರುತ್ತಾರೆ.

ನ್ಯಾಯದ ಪ್ರಶ್ನೆ ಮಾತ್ರ ನಿಜಕ್ಕೂ ಕಠಿಣ. 1984ರಲ್ಲಿ ಕಾಡ್ ಕೋಟಾವನ್ನು ಹಿಂದಿನ ಮೂರು ವರ್ಷ ಯಾರು ಎಷ್ಟು ಮೀನು ಹಿಡಿದಿದ್ದರೆಂದು ನೋಡಿ ಪುಕ್ಕಟೆ ಹಂಚಿದರು. ಹಾಗೆ ಪಡೆದ ಹಲವರು ಅದನ್ನು ಮಾರಿ ಹೋದರು, ಶುಲ್ಕ ಬೀಳುವುದು ಕೊಂಡವರ ಮೇಲೆ. ಕಡಿಮೆ ದರಕ್ಕೆ ಬಿಡಿಎ ಸೈಟು ಪಡೆದವರು ಮಾರುಕಟ್ಟೆ ಬೆಲೆಗೆ ಮಾರಿ ಹೋದ ಮೇಲೆ, ಸಾಲ ಮಾಡಿ ಕೊಂಡವರ ಮೇಲೆ ತೆರಿಗೆ ಬಿದ್ದಂತೆ ಇದು. ಹಾಗೆಂದು ಶುಲ್ಕವೇ ಬೇಡ ಎನ್ನಲಾಗದು: ಮೀನು ಸಂಪತ್ತು ಇಡೀ ರಾಷ್ಟ್ರದ್ದು ಎಂದು 1990ರ ಕಾನೂನಿನ ಮೊದಲ ವಿಧಿಯೇ ಹೇಳುತ್ತದೆ.

ಎಡವಟ್ಟಾಗುವುದು ಲೆಕ್ಕ ಹಾಕುವಾಗ. 2018ರ ಕಾನೂನು 33% ಎಂದರೂ ಅದು ಪ್ರತಿ ಕಂಪನಿಯ ಲಾಭದ ಮೇಲಲ್ಲ. ಇಡೀ ಉದ್ಯಮದ ಸರಾಸರಿಯಿಂದ ಜಾತಿವಾರು ಕಿಲೋ ದರ ಕಟ್ಟುತ್ತಾರೆ. ಖರ್ಚು 340 ಬರುವ ಹಳೆಯ ಹಡಗಿಗೆ ಉಳಿಯುವ 60ರಲ್ಲಿ ಸುಮಾರು 50 ಹೋಗುತ್ತದೆ. ಅಂಥವರು ಕೋಟಾ ಮಾರುತ್ತಾರೆ, ದೊಡ್ಡವರು ಕೊಳ್ಳುತ್ತಾರೆ. ಒಂದೇ ಕಂಪನಿ ಒಟ್ಟು ಕೋಟಾದ 12% ದಾಟುವಂತಿಲ್ಲ. ದರಕ್ಕೆ ಆಧಾರ ಎರಡು ವರ್ಷ ಹಿಂದಿನ ಲೆಕ್ಕ, ಹಾಗಾಗಿ ಬೆಲೆ ಕುಸಿದ ವರ್ಷ ಒಳ್ಳೆಯ ವರ್ಷದ ಶುಲ್ಕ ಕಟ್ಟಬೇಕಾಗಬಹುದು.

ಎಡವಟ್ಟಾಗುವ ಇನ್ನೊಂದು ಜಾಗ ಒಳಮಾರಾಟ. ಹಡಗೂ ಸಂಸ್ಕರಣಾ ಘಟಕವೂ ಒಬ್ಬರದ್ದೇ ಆದಾಗ ಮೀನನ್ನು ಅಗ್ಗಕ್ಕೆ ದಾಟಿಸಿದರೆ, ಲಾಭ ಶುಲ್ಕವಿಲ್ಲದ ಘಟಕದಲ್ಲಿ ಕಾಣಿಸುತ್ತದೆ. ಪಾಲಿನ ಲೆಕ್ಕದಲ್ಲಿ ದುಡಿಯುವ ಸಿಬ್ಬಂದಿಗೂ ಇದರಿಂದ ನಷ್ಟ. 2025ರ ಜುಲೈನಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿ ಕಾಡ್, ಹ್ಯಾಡಕ್ ಮೀನುಗಳಿಗೆ ಮಾರುಕಟ್ಟೆ ದರವನ್ನೇ ಆಧಾರ ಮಾಡಿದ್ದು ಇದಕ್ಕೇ. ಸರಿಯಾದ ಹೆಜ್ಜೆ.

ಕೆಲಸ ಒಪ್ಪುವ ಮೊದಲು ಕಂಪನಿಯ ಆಸ್ತಿ–ಹೊಣೆ ಪಟ್ಟಿ ನೋಡಿ. ಕೋಟಾವನ್ನು ಯಾವ ಬೆಲೆಗೆ ಬರೆದಿದ್ದಾರೆ, ಅದರ ಎದುರು ಸಾಲ ಎಷ್ಟು? 2,500ಕ್ಕೆ ಕೊಂಡು 2,000 ಸಾಲ ಹೊತ್ತವರಿಗೆ ಬೆಲೆ 1,675ಕ್ಕೆ ಇಳಿದರೆ, ಮೀನು ಬರುತ್ತಿದ್ದರೂ ಬ್ಯಾಂಕು ಬಾಗಿಲಿಗೆ ಬರುತ್ತದೆ.